ಜಗುಲಿಯ ಮೇಲೆ ಕೂತ ಟೀಚರ್

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಬಯ್ಯುತ್ತಾರೆ. ತೀರಿಕೊಂಡವರು ಹೇಗೆ ಬಯ್ಯುತ್ತಾರೆ ಎಂದು ಕೇಳುವವರಿಗೆ ಅವರ ಪರಿಚಯವಿಲ್ಲ ಎಂದಷ್ಟೇ ಹೇಳಬಲ್ಲೆ. ಹಳ್ಳಿಯ ಶಾಲೆಗೋ ಬಾವಿಕಟ್ಟೆಗೋ ದೊಡ್ಡವರ ಹೆಸರು ಕೆತ್ತಿದ ಕಲ್ಲು ಹಾಕಿದ್ದು ಕಂಡರೆ, ತಮ್ಮ ಕರಿ ಕೊಡೆಯನ್ನು ಬಿಚ್ಚಿ ಹೆಸರು ಕಾಣದ ಹಾಗೆ ಅದರ ಮುಂದೆ ಒಣಗಲು ಇಟ್ಟುಬಿಡುತ್ತಿದ್ದರು. ಅದಕ್ಕೆ ಮಳೆ ಬಂದಿರಲೇಬೇಕು ಎಂದೇನೂ ಇರಲಿಲ್ಲ. ಆದ್ದರಿಂದ ಈ ಬರಹದುದ್ದಕ್ಕೂ ಅವರು ಬರೀ ಟೀಚರ್.

ಕಳೆದ ವಾರ, ಅವರೂ ನಾನೂ ಪಾಠ ಮಾಡುತ್ತಿದ್ದ ವಿಭಾಗದವರು ಅವರ ನೆನಪಿಗೆ ಒಂದು ಸಭೆ ಇಟ್ಟು ನನ್ನನ್ನೂ ಕರೆದಿದ್ದರು. ನಾನು ಎದ್ದು ನಿಂತು ಆದರ್ಶ, ತ್ಯಾಗ, ದಾರಿದೀಪ ಎಂದು ಏನೇನೋ ಹೇಳಿ, ಚಪ್ಪಾಳೆ ತಟ್ಟಿಸಿಕೊಂಡು ಕೂತೆ. ಮನೆಗೆ ಬಂದ ಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು. ದಾರಿದೀಪವಂತೆ! ಅವರು ಅಲ್ಲಿದ್ದಿದ್ದರೆ ಕೊಡೆಯ ಹಿಡಿಯಿಂದ ನನ್ನ ಸೆರಗು ಎಳೆದು ಕೂರಿಸುತ್ತಿದ್ದರು. ನಾನು ಹೇಳಬೇಕಾಗಿದ್ದದ್ದು ಗುಂಡ್ಲುಪೇಟೆಯ ಸೀಬೆಹಣ್ಣಿನಿಂದ ಶುರುವಾಗಬೇಕಿತ್ತು. ಅಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ಅದು ಐವತ್ತರ ದಶಕ. ನಮ್ಮೂರು ಹರವೆ. ಅಮ್ಮ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು, ಮನೆಯಲ್ಲಿ ಅಪ್ಪ, ಅಪ್ಪನ ತಾಯಿ ನಮ್ಮಜ್ಜಿ, ಬೇಸಾಯ, ರಾಗಿ, ಹುರುಳಿ, ಅವರೆ, ಒಂದಷ್ಟು ದನ. ನಾನು ಮೈಸೂರಿನಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಮಾವ ಕಚೇರಿಯೊಂದರಲ್ಲಿ ಗುಮಾಸ್ತರು, ಮಕ್ಕಳಿರಲಿಲ್ಲ, ನಾನು ಪುಸ್ತಕ ಹಿಡಿದು ಕೂತರೆ ಅವರಿಗೆ ಹಬ್ಬ. ಒಂದು ರಜೆಯಲ್ಲಿ ಗುಂಡ್ಲುಪೇಟೆಯ ಅತ್ತೆಯನ್ನು ನೋಡಿಕೊಂಡು ಮೈಸೂರಿಗೆ ಹೊರಟವಳು ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದೆ. ಮರದ ನೆರಳಿನಲ್ಲಿ ಸೀಬೆಹಣ್ಣಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದರು. ಬಿಳಿ ಸೀರೆ, ಕುತ್ತಿಗೆಯ ತೆಳ್ಳನೆಯ ಸರದಲ್ಲೊಂದು ಪುಟ್ಟ ಶಿಲುಬೆ, ಪಕ್ಕದಲ್ಲಿ ತಗಡಿನ ಪೆಟ್ಟಿಗೆ, ಮಂಡಿಯ ಮೇಲೆ ಗಂಡಸರು ಹಿಡಿಯುವಂಥ ಕೊಡೆ. ಹಣ್ಣು ಮಾರುವವರು ಹೀಗಿರುವುದನ್ನು ನಾನು ಕಂಡಿರಲಿಲ್ಲ.

"ಹಣ್ಣು ಹ್ಯಾಗೆ?" ಎಂದೆ.

"ನಂಗೆ ಗೊತ್ತಿಲ್ಲಲ್ಲ. ನೀನು ಯಾವಾಗ್ಲೂ ಎಷ್ಟಕ್ಕೆ ತಗೋತೀ?" ಎಂದರು ಆಕೆ, ಮಲಯಾಳದ ರಾಗದಲ್ಲಿ.

ನಾನೇನು ದಡ್ಡಿಯೇ? ಕಡಿಮೆಯನ್ನೇ ಹೇಳಿದೆ. ಅವರು ನನ್ನ ಸೆರಗಿನ ತುಂಬ ಹಣ್ಣು ಹಾಕಿ, ಚೆನ್ನಾಗಿರಲಿ ಎಂದು ಮೇಲೊಂದು ಇಟ್ಟರು. ಅಷ್ಟರಲ್ಲಿ ಬುಟ್ಟಿಯ ಒಡತಿ ಓಡಿ ಬಂದಳು. "ಅಯ್ಯೋ ನನ್ ತಾಯೇ! ಒಸಿ ಬುಟ್ಟಿ ನೋಡ್ಕೊಳವ್ವ ಅಂದ್ರೆ ಯಾಪಾರಾನೇ ಮಾಡ್ಬುಟ್ಟಿದ್ದೀಯಲ್ಲ! ಇಂಗ್ ಮಾರುದ್ರೆ ನಾನು ಸಂಜೆಗೆ ಬುಟ್ಟೀನೂ ಮಾರ್ಬೇಕಾಯ್ತದೆ!" ಬೈಗುಳ ತಿನ್ನುತ್ತಾ ಆಕೆ ಮಗುವಿನಂತೆ ನಗುತ್ತಿದ್ದರು. ನಾನು ಅರ್ಧ ಹಣ್ಣು ವಾಪಸು ಸುರಿದು, ಇಬ್ಬರೂ ಸೇರಿ ಮುದುಕಿಯನ್ನು ಸಮಾಧಾನ ಮಾಡುವ ಹೊತ್ತಿಗೆ ಬಸ್ಸು ಬಂತು.

ಬಸ್ಸಿನಲ್ಲಿ ಪಕ್ಕದಲ್ಲೇ ಕೂತರು. ನನ್ನನ್ನು ಏನೂ ಕೇಳಲಿಲ್ಲ. ಸೀಬೆಹಣ್ಣು ಕಚ್ಚುತ್ತಾ ಕಿಟಕಿಯ ಆಚೆ ನೋಡುತ್ತಿದ್ದರು. ನಂಜನಗೂಡು ಬರುವಷ್ಟರಲ್ಲಿ ನಾನೇ ನನ್ನ ಊರು, ಮಾವ, ಅಜ್ಜಿ, ಓದು ಮುಗಿದ ಮೇಲೆ ಏನು ಎಂಬ ಹೆದರಿಕೆ, ಎಲ್ಲವನ್ನೂ ಒದರಿಬಿಟ್ಟಿದ್ದೆ. ಏನೂ ಕೇಳದೆ ಎಲ್ಲವನ್ನೂ ಹೇಳಿಸಿಕೊಳ್ಳುವುದೇ ಅವರ ವಿದ್ಯೆ ಎಂದು ಆಮೇಲೆ ತಿಳಿಯಿತು. ಅವರ ಮನೆ ವಯನಾಡು. ಮದರಾಸಿನ ಕಡೆ ಕ್ರೈಸ್ತ ಮಿಷನ್ನಿನವರು ನಡೆಸುತ್ತಿದ್ದ ವಿಶ್ವವಿದ್ಯಾಲಯವೊಂದರಲ್ಲಿ ಸಮಾಜಕಾರ್ಯ ಎಂಬ ಹೊಸ ವಿಷಯ ಕಲಿಸುತ್ತಿದ್ದರು. "ಅಂದರೆ ಏನು ಕಲಿಸ್ತೀರಿ?" ಎಂದೆ. ಅವರು ಕೈಯಲ್ಲಿದ್ದ ಸೀಬೆಹಣ್ಣು ಮುಗಿಸಿ, "ಬೇರೆಯವರ ಮನೆ ಮುಂದೆ ಹೋಗಿ ನಿಲ್ಲೋದು ಹ್ಯಾಗೆ ಅಂತ ಕಲಿಸ್ತೀನಿ," ಎಂದರು.

ಬಿ.ಎ. ಮುಗಿದ ಮೇಲೆ ನಾನು ಅಲ್ಲಿಗೇ ಹೋಗುತ್ತೇನೆಂದು ಹಟ ಹಿಡಿದೆ. ಮಾವ ನನ್ನ ಪರ. ಅಪ್ಪ ಯಾರ ಪರವೂ ಅಲ್ಲ. ಅಜ್ಜಿ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. "ಸಮಾಜದ್ ಕೆಲ್ಸ ಅಂದ್ರೆ ಏನಮ್ಮಿ? ನಮ್ಮನೆ ಕೆಲ್ಸವೇ ಬೇಕಾದಷ್ಟು ಬಿದ್ದದೆ. ಅದ ಕಿರಸ್ತಾನ್ರ ತಾವ ಓಗಿ ಕಲ್ತ್ಕಬೇಕಾ?" ಎಂದಳು. ಮಾವ ಅದು ಹೇಗೋ ಅವಳ ಬಾಯಿಂದ 'ಹೂಂ' ಹೊರಡಿಸಿದರು. ಆ ವರ್ಷ ದೀಪಾವಳಿಗೆ ನಾನು ಊರಿಗೆ ಬಂದಾಗ ಅಜ್ಜಿ ಮೊದಲು ನನ್ನ ಹಣೆ ನೋಡಿದಳು, ಕುಂಕುಮ ಇದೆಯೋ ಇಲ್ಲವೋ ಎಂದು. ಇತ್ತು. ಅವಳಿಗೆ ಸ್ವಲ್ಪ ನಿರಾಸೆಯಾದ ಹಾಗೆ ಕಂಡಿತು, ಬೈಯಲು ಒಂದು ಕಾರಣ ತಪ್ಪಿಹೋಯಿತಲ್ಲ ಎಂದು.

ಇನ್ನು ಟೀಚರ್ ಪಾಠ ಮಾಡುತ್ತಿದ್ದ ಬಗೆ. ನಮ್ಮ ಪುಸ್ತಕಗಳೆಲ್ಲ ಅಮೆರಿಕದವು. ಅದರಲ್ಲಿ ಸಮಾಜಕಾರ್ಯಕರ್ತೆ ಟೋಪಿ ಹಾಕಿಕೊಂಡು ಹೋಗಿ ಬಾಗಿಲ ಗಂಟೆ ಒತ್ತುತ್ತಾಳೆ. ಟೀಚರ್ ಆ ಪುಟ ತೆಗೆದು ನನ್ನ ಕಡೆ ತಿರುಗಿ, "ನಿಮ್ಮ ಹರವೆಯಲ್ಲಿ ಗಂಟೆ ಎಲ್ಲಿ ಒತ್ತಲಿ?" ಎಂದರು. ಗಂಟೆ ಇಲ್ಲ, ಹೊರಗೆ ನಿಂತು ಕೆಮ್ಮುತ್ತಾರೆ ಎಂದೆ. "ಕೆಮ್ಮಿ ತೋರಿಸು" ಎಂದರು. ನಾನು ನಾಚಿಕೊಂಡೇ ಕೆಮ್ಮಿದೆ. ಆ ದಿನ ಇಡೀ ತರಗತಿ ಕೆಮ್ಮುವುದನ್ನು ಕಲಿಯಿತು. ಸಾಲ ಕೇಳಲು ಬಂದವರ ಕೆಮ್ಮು, ನೆಂಟರ ಕೆಮ್ಮು, ಅಮಲ್ದಾರರ ಜವಾನನ ಕೆಮ್ಮು. ಪಕ್ಕದ ಕೋಣೆಯಲ್ಲಿ ದೇವಶಾಸ್ತ್ರ ಪಾಠ ಮಾಡುತ್ತಿದ್ದ ವಯಸ್ಸಾದ ಪಾದ್ರಿಯೊಬ್ಬರು ಗಾಬರಿಯಾಗಿ ಓಡಿ ಬಂದು, ಯಾರಿಗಾದರೂ ಡಾಕ್ಟರು ಬೇಕೇ ಎಂದು ಕೇಳಿದರು.

ಅವರದೊಂದು ಪರೀಕ್ಷೆ ಇತ್ತು. ಗುರುತಿಲ್ಲದವರ ಮನೆಯ ಜಗುಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರಬೇಕು. ಒಂದು ಪ್ರಶ್ನೆಯನ್ನೂ ಕೇಳುವಂತಿಲ್ಲ. ಬಂದು ಏನು ತಿಳಿಯಿತು ಎಂದು ಹೇಳಬೇಕು. ನಾನು ಆ ಮನೆಯ ಸೊಸೆ, ಅತ್ತೆ, ಕೋಳಿ, ಒಲೆ, ಎಲ್ಲದರ ವಿವರ ತಂದು ಒಪ್ಪಿಸಿದೆ. ನಮ್ಮ ತರಗತಿಯಲ್ಲಿ ಡೇವಿಡ್ ಎಂಬ ಉದ್ದನೆಯ ತಮಿಳು ಹುಡುಗನಿದ್ದ. ತನ್ನ ಬಿಳಿ ಕ್ಯಾನ್ವಾಸ್ ಶೂಗಳಿಗೆ ದಿನಾ ಸುಣ್ಣ ಬಳಿಯುತ್ತಿದ್ದವನು. ಅವನು ಕಣ್ಣುಜ್ಜಿಕೊಂಡು ಬಂದು, "ಏನೂ ತಿಳೀಲಿಲ್ಲ ಟೀಚರ್, ನಿದ್ದೆ ಬಂದುಬಿಡ್ತು," ಎಂದ. ಟೀಚರ್ ಅವನಿಗೇ ಹೆಚ್ಚು ಅಂಕ ಕೊಟ್ಟರು. "ಗುರುತಿಲ್ಲದ ಗಂಡುಹುಡುಗನನ್ನು ಜಗುಲಿ ಮೇಲೆ ಮಲಗೋಕೆ ಬಿಟ್ಟಿದ್ದಾರೆ ಅಂದ್ರೆ ಇವನನ್ನ ನಂಬಿದ್ದಾರೆ. ನಿನಗೆ ಬೇಗ ಎದ್ದು ಹೋಗು ಅಂತ ಮಜ್ಜಿಗೆ ಕೊಟ್ಟಿರ್ತಾರೆ," ಎಂದರು ನನಗೆ. ಮಜ್ಜಿಗೆ ಕೊಟ್ಟಿದ್ದು ನಿಜ. ಆ ಅಂಕಗಳ ವಿಷಯದಲ್ಲಿ ನನಗೆ ಇವತ್ತಿಗೂ ಅಸಮಾಧಾನವಿದೆ.

ಈ ಜಗುಲಿಯ ವಿಷಯದಲ್ಲಿ ಅವರಿಗೊಂದು ನೇಮವಿತ್ತು. ಗಂಡಸು ಕರೆದರೆ ಜಗುಲಿಯ ತನಕ ಮಾತ್ರ. ಒಳಗೆ ಹೋಗಬೇಕಾದರೆ ಮನೆಯ ಹೆಂಗಸು ಕರೆಯಬೇಕು. ಕರೆಯದಿದ್ದರೆ ಎಷ್ಟು ದಿನವಾದರೂ ಜಗುಲಿಯೇ. "ಗಂಡಸರು ಮರ್ಯಾದೆಗೆ ಕರೀತಾರೆ. ಒಳಗೆ ಹೋದರೆ ಕಷ್ಟ ಆಗೋದು ಹೆಂಗಸಿಗೆ. ನೀರು ಕೊಡಬೇಕು, ಮಡಿ ನೋಡ್ಕೋಬೇಕು, ಹರಿದ ಚಾಪೆ ಮುಚ್ಚಿಡಬೇಕು. ಅವಳಾಗಿ ಕರೆದಳು ಅಂದ್ರೆ ಆ ಕಷ್ಟ ಎಲ್ಲ ಒಪ್ಪಿಕೊಂಡಳು ಅಂತ," ಎನ್ನುತ್ತಿದ್ದರು. ಆ ಮಾತನ್ನು ನಾವು ಬರೆದುಕೊಂಡೆವು. ಅರ್ಥವಾದದ್ದು ಮಾತ್ರ ಹರವೆಯಲ್ಲಿ.

ಎರಡನೆಯ ವರ್ಷದ ನಡುವೆ ಅಪ್ಪನಿಂದ ಸುದ್ದಿ ಬಂತು. ಉಮ್ಮತ್ತೂರಿನಲ್ಲಿ ಒಂದು ಗಂಡಿದೆ, ಜಮೀನಿದೆ, ಸಂಕ್ರಾಂತಿ ಕಳೆದ ಮೇಲೆ ನೋಡಲು ಬರುತ್ತಾರೆ, ಓದಿದ್ದು ಸಾಕು. ಅಜ್ಜಿಯ ತೀರ್ಮಾನ ಎಂದು ಬೇರೆ ಹೇಳಬೇಕಾಗಿರಲಿಲ್ಲ. ಇನ್ನು ಕೆಲವೇ ತಿಂಗಳಲ್ಲಿ ಮುಗಿಯುವ ಓದು. ನಾನು ಟೀಚರ ಕೋಣೆಗೆ ಹೋಗಿ ಅತ್ತುಬಿಟ್ಟೆ. ಅವರು ಸಮಾಧಾನದ ಮಾತು ಒಂದೂ ಆಡಲಿಲ್ಲ. ನನ್ನ ಅಳು ಮುಗಿದ ಮೇಲೆ, "ಈ ಸಲದ ಹಳ್ಳಿ ಶಿಬಿರ ಎಲ್ಲಿ ಅಂತ ಇನ್ನೂ ಗೊತ್ತುಮಾಡಿಲ್ಲ. ಹರವೆಯಲ್ಲಿ ಶಾಲೆ ಇದೆಯಾ?" ಎಂದರು. ಇಡೀ ತರಗತಿಯನ್ನು ನಮ್ಮ ಅಜ್ಜಿಯ ಮುಂದೆ ಸಾಲಾಗಿ ನಿಲ್ಲಿಸುವುದೇ!

ಹಾಗೇ ಆಯಿತು. ಕ್ರಿಸ್‌ಮಸ್ ರಜೆಗೆ ನಾವೆಲ್ಲ ಚಾಮರಾಜನಗರದಲ್ಲಿ ರೈಲಿಳಿದು, ಬಸ್ಸು ಹತ್ತಿ ಹರವೆಗೆ ಬಂದು ಊರ ಶಾಲೆಯಲ್ಲಿ ಬಿಡಾರ ಹೂಡಿದೆವು. ಅಪ್ಪ ಒಳ್ಳೆಯವನು, ಪಂಚೆ ಸರಿಮಾಡಿಕೊಂಡು ಬಂದು ಕೈಮುಗಿದ. "ಬನ್ನಿ ಅಮ್ಮಾರೇ, ಒಳಕ್ಕೆ ಬನ್ನಿ" ಎಂದ. ಟೀಚರ್ "ಬರ್ತೀನಿ" ಎಂದು ಹೇಳಿ ನಮ್ಮ ಮನೆಯ ಜಗುಲಿಯ ಮೇಲೆ ಕೂತರು. ಅಜ್ಜಿ ನಡುಮನೆಯಿಂದ ನೋಡಿದಳು. ಕರೆಯಲಿಲ್ಲ. ಮಾರನೆಯ ದಿನವೂ ಬಂದು ಕೂತರು. ಅಜ್ಜಿ ಬೇರೆಯದೇ ಒಂದು ಹಳೆ ಲೋಟದಲ್ಲಿ ಮಜ್ಜಿಗೆ ಕಳಿಸಿದಳು, ಕಿರಸ್ತಾನರಿಗೆ ಮನೆಯ ಲೋಟ ಕೊಡಬಾರದಲ್ಲ. ನನಗೆ ಭೂಮಿಯೊಳಗೆ ಇಳಿದುಹೋಗುವಷ್ಟು ಅವಮಾನವಾಯಿತು. ಟೀಚರ್ ಮಜ್ಜಿಗೆ ಕುಡಿದು, ತಾವೇ ಅಂಗಳದ ಮೂಲೆಯಲ್ಲಿ ಲೋಟ ತೊಳೆದು ಬೋರಲು ಹಾಕಿದರು. "ಮಜ್ಜಿಗೆಗೆ ಕೊತ್ತಂಬರಿ ಹಾಕಿದ್ದಾರೆ ನೋಡು. ಬೇಡದವರಿಗೆ ಕೊತ್ತಂಬರಿ ಯಾರು ಹಾಕ್ತಾರೆ?" ಎಂದರು ನನಗೆ. ಅವರಿಗೆ ಯಾವುದರಲ್ಲೂ ಹೀಗೊಂದು ಕೊತ್ತಂಬರಿ ಕಾಣುತ್ತಿತ್ತು.

ಆಗ ಊರಲ್ಲಿ ರಾಗಿ ಕೊಯ್ಲು ಮುಗಿದು ಮೆದೆ ಹಾಕಿದ್ದರು. ಅದೇ ವಾರ ನಮ್ಮ ಮನೆಯ ಒಕ್ಕಣೆ. ಅಜ್ಜಿ ತಾನೇ ನಿಂತು ಕಣ ಮಾಡಿಸಿದ್ದಳು. ನೆಲ ಕೆತ್ತಿಸಿ, ನೀರು ಚಿಮುಕಿಸಿ, ದನಗಳಿಂದ ತುಳಿಸಿ ಗಟ್ಟಿಮಾಡಿ, ಮೇಲೆ ಸಗಣಿಯ ಬಗ್ಗಡ ಬಳಿಸಿ. ನಡುವೆ ಮೇಟಿಕಂಬ, ಒಕ್ಕುವಾಗ ಎತ್ತುಗಳನ್ನು ಕಟ್ಟಿ ಸುತ್ತಿಸುವ ಕಂಬ, ಅದಕ್ಕೆ ಅರಿಸಿನ ಕುಂಕುಮ. ನಮ್ಮಲ್ಲಿ ಕಣವೆಂದರೆ ದೇವರ ಮನೆಗೆ ಸಮ. ಮೆಟ್ಟು ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಇದನ್ನು ಊರಲ್ಲಿ ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ.

ಆ ದಿನ ನಾನೂ ಟೀಚರೂ ಶಿಬಿರಕ್ಕೆ ಅಕ್ಕಿ ಬೇಳೆ ತರಲು ಚಾಮರಾಜನಗರಕ್ಕೆ ಹೋಗಿದ್ದೆವು. ಸಂಜೆ ಬಸ್ಸಿಳಿದು ಬರುತ್ತಿದ್ದರೆ ನಮ್ಮ ಹೊಲದ ಕಡೆಯಿಂದ ಕೂಗಾಟ ಕೇಳಿಸಿತು. ಇಬ್ಬರೂ ಓಡಿದೆವು. ಇಡೀ ಊರಿನಲ್ಲಿ ಇಷ್ಟು ಸಮನಾದ, ಗುಡಿಸಿದ, ಗಟ್ಟಿಯಾದ ಜಾಗ ಬೇರೆ ಸಿಗದೆ ನಮ್ಮ ಹುಡುಗರು ಕಣದಲ್ಲಿ ವಾಲಿಬಾಲ್ ಆಡಿದ್ದರು. ನೆಟ್ಟಿನ ಒಂದು ತುದಿ ಬೇಲಿಯ ಮರಕ್ಕೆ. ಇನ್ನೊಂದು ತುದಿ ಮೇಟಿಗೆ! ಡೇವಿಡ್ಡನ ಸುಣ್ಣದ ಶೂಗಳ ಗುರುತು ಕಣದ ತುಂಬ ಬೆಳ್ಳಗೆ ಬಿದ್ದಿತ್ತು. ಅಲ್ಲಲ್ಲಿ ಬಗ್ಗಡ ಚಕ್ಕೆಯೆದ್ದು ಮಣ್ಣು ಕಾಣುತ್ತಿತ್ತು. ಅಜ್ಜಿ ಕಣದ ಅಂಚಿನಲ್ಲಿ ನಿಂತು ಕೋಲು ಕುಟ್ಟುತ್ತಿದ್ದಳು.

"ಕಣಕ್ಕೆ ಮೆಟ್ ಮೆಟ್ಕೊಂಡು ಇಳ್ದವ್ರಲ್ಲಪ್ಪ! ಉಣ್ಣೋ ರಾಗಿ ಬೀಳೋ ಜಾಗ ಕಣ್ರೋ ಇದು! ಇಂಥೋರ ತಾವ್ಲಾ ನಮ್ ಉಡ್ಗಿ ಕಲೀತಾ ಇರೋದು?" ಎಂದು ಅಪ್ಪನನ್ನು ಕೇಳಿದಳು. ಡೇವಿಡ್ ಶೂ ಕೈಯಲ್ಲಿ ಹಿಡಿದುಕೊಂಡು "ಮನ್ನಿಚ್ಚಿಡುಂಗೊ ಪಾಟಿ" ಎಂದು ತಮಿಳಿನಲ್ಲಿ ಅಜ್ಜಿಯ ಕ್ಷಮೆ ಕೇಳುತ್ತಿದ್ದ. ಯಾರೂ ಅವನ ಕಡೆ ತಿರುಗಲಿಲ್ಲ.

ಅಪ್ಪ ಟೀಚರ ಮುಂದೆ ಬಂದು ಕೈಮುಗಿದ. "ತಪ್ ತಿಳ್ಕಬೇಡಿ ಅಮ್ಮಾರೇ. ನಾಳಿಕೆ ಬಸ್ಸಿಗೆ ನಿಮ್ ಐಕ್ಳ ಕರ್ಕೊಂಡು ಒಂಟೋಗ್ಬುಡಿ. ನಮ್ಮುಡ್ಗೀನ ಇನ್ನಲ್ಲಿಗೆ ಕಳ್ಸಾಕಿಲ್ಲ," ಎಂದ. ಅಪ್ಪ ಅಷ್ಟು ಮೆಲ್ಲಗೆ ಮಾತಾಡಿದರೆ ಅದು ಮುಗಿದ ಮಾತು. ನನಗೆ ಉಮ್ಮತ್ತೂರಿನ ದಾರಿ ಕಣ್ಣಮುಂದೆ ಸ್ಪಷ್ಟವಾಗಿ ಕಂಡಿತು.

ಟೀಚರ್ ಚಪ್ಪಲಿ ಬಿಟ್ಟು, ಕೊಡೆಯನ್ನು ನನ್ನ ಕೈಗೆ ಕೊಟ್ಟು, ಕಣದೊಳಗೆ ಹೋಗಿ ಕುಕ್ಕರುಗಾಲಲ್ಲಿ ಕೂತರು. ಚಕ್ಕೆಯೆದ್ದ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಆಮೇಲೆ ಅಪ್ಪನನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದರು.

"ಅಜ್ಜಿ, ಹಾಳು ಮಾಡಿ ಹಾಗೇ ಬಸ್ ಹತ್ತಿದರೆ ಹ್ಯಾಗೆ? ಒಕ್ಕಣೆ ಹೊತ್ತಿಗೆ ಸರಿ ಮಾಡಿಕೊಟ್ಟು ಹೋಗ್ತೀವಿ. ಆಮೇಲೆ ನೀವು ಹೇಳಿದ ಹಾಗೆ."

"ಸಗಣಿ ಮುಟ್ಟೀರಾ?"

"ಮುಟ್ತೀವಿ."

"ಅದೆಂಗ್ ಮುಟ್ಟೀರೋ ನೋಡೇಬುಡ್ತೀನಿ," ಎಂದಳು ಅಜ್ಜಿ. ಅಷ್ಟು ಸಿಟ್ಟಿನಲ್ಲೂ ಅವಳಿಗೆ ನೋಡುವ ಆಸೆ ಹುಟ್ಟಿತ್ತು. ಅದು ನನಗೆ ಗೊತ್ತಾಯಿತು, ಟೀಚರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು.

ಟೀಚರಿಗೆ ಕಣ ಮಾಡಲು ಬರುತ್ತಿರಲಿಲ್ಲ. ಅದನ್ನು ಅವರು ಒಪ್ಪಿಕೊಳ್ಳಲೂ ಇಲ್ಲ. ನಾನು ಹೇಳಲು ಹೋದರೆ "ನೀನು ಸುಮ್ಮನಿರು, ನೀನು ಹೇಳಿಕೊಟ್ಟರೆ ಮೋಸ ಆಗುತ್ತೆ" ಎಂದು ಗದರಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಾಯಸ ಕಲಸುವಷ್ಟು ಉತ್ಸಾಹದಿಂದ ಸಗಣಿ ಕಲಸಿದರು. ಪಾಯಸದಷ್ಟೇ ನೀರೂ ಹಾಕಿದರು. ಹುಡುಗರು ಕಣ ಕೆತ್ತಿದರು, ಹುಡುಗಿಯರು ಬಳಿದರು, ಬಿಸಿಲು ಒಣಗಿಸಿತು, ಕಣ ಬಿರುಕುಬಿಟ್ಟಿತು. ಅಜ್ಜಿ ಕೋಲೂರಿಕೊಂಡು ಬಂದು ನೋಡಿ, "ಇದೇನ್ ಕಣವೋ, ಬತ್ತೋದ್ ಕೆರೆಯೋ?" ಎಂದಳು. ಊರಿನ ಅರ್ಧ ಜನ ಬೇಲಿಯ ಮೇಲೆ ಕೂತಿದ್ದರು. ಅವರೆಲ್ಲ ನಕ್ಕರು. ಟೀಚರ್ ಎಲ್ಲರಿಗಿಂತ ಜೋರಾಗಿ ನಕ್ಕು, "ಮತ್ತೆ ಕೆತ್ತಿ!" ಎಂದರು.

ಮತ್ತೆ ಬಳಿಯಬೇಕಾದ ದಿನ ಕ್ರಿಸ್‌ಮಸ್. ಹುಡುಗರಿಗೆ ಚಾಮರಾಜನಗರಕ್ಕೆ ಹೋಗಿ ಚರ್ಚಿನಲ್ಲಿ ಪ್ರಾರ್ಥನೆ ಮಾಡಿ, ಕೇಕು ಸಿಕ್ಕರೆ ತಿಂದು ಬರುವ ಆಸೆ. ಕೊಟ್ಟ ಮಾತು ಮೊದಲು ಎಂದರು ಟೀಚರ್. ಬೆಳಿಗ್ಗೆ ಶಾಲೆಯ ಕೋಣೆ ಮುಚ್ಚಿಕೊಂಡು ಎಲ್ಲರೂ ಹಾಡಿದರು. ಟೀಚರ್ ಅಪಸ್ವರದಲ್ಲಿ, ಎಲ್ಲರಿಗಿಂತ ಮುಂದಾಗಿ. ಆಮೇಲೆ ಸಗಣಿ ಬುಟ್ಟಿಗಳನ್ನು ಹೊತ್ತುಕೊಂಡು ಕಣಕ್ಕೆ ಬಂದೆವು. ಅಜ್ಜಿ ಮೆದೆಯ ನೆರಳಲ್ಲಿ ಕಲ್ಲಿನ ಮೇಲೆ ಕೂತಿದ್ದಳು. ಡೇವಿಡ್ ಮೂಗು ಹಿಂಡಿಕೊಂಡು, "ಇವತ್ತಾದರೂ ಈ ವಾಸನೆ ತಪ್ಪಬಾರದಿತ್ತೇ ಟೀಚರ್," ಎಂದ. ಇಂಗ್ಲಿಷಿನಲ್ಲಿ ಎಂದ. ಟೀಚರ್ ಮೊಣಕೈ ತನಕ ಸಗಣಿಯಲ್ಲಿದ್ದವರು ಕನ್ನಡದಲ್ಲೇ ಉತ್ತರ ಕೊಟ್ಟರು.

"ಇವತ್ತೇ ಸರಿಯಾದ ದಿನ. ಅವನು ಹುಟ್ಟಿದ್ದೇ ಕೊಟ್ಟಿಗೇಲಿ. ಸಗಣಿ ವಾಸನೆ ಅವನಿಗೇನು ಹೊಸದಾ?"

"ಯಾರು?" ಎಂದಳು ಅಜ್ಜಿ ಕಲ್ಲಿನ ಮೇಲಿಂದ.

"ನಮ್ಮ ಯೇಸು, ಅಜ್ಜಿ. ಇವತ್ತು ಅವನು ಹುಟ್ಟಿದ ದಿನ."

"ನಿಮ್ ದ್ಯಾವ್ರಾ? ಕೊಟ್ಗೇಲಿ ಉಟ್ಟಿದ್ದಾ?"

"ಹೌದು ಅಜ್ಜಿ. ದನಗಳ ಮಧ್ಯೆ."

"ಮತ್ತೆ ಈ ಉದ್ದುಡ್ಗ ಸಗಣಿ ಕಂಡ್ರೆ ಯಾಕಂಗೆ ಮೊಕ ಕಿವುಚ್ತಾನೆ?" ಎಂದಳು. ಬೇಲಿಯ ಮೇಲಿನವರೂ ನಾವೂ ಒಟ್ಟಿಗೆ ನಕ್ಕುಬಿಟ್ಟೆವು. ಅಜ್ಜಿ ಮಾತ್ರ ನಗಲಿಲ್ಲ. ಅವಳ ಕೇಳುವುದು ಇನ್ನೂ ಮುಗಿದಿರಲಿಲ್ಲ. ಊರಲ್ಲಿ ಎಷ್ಟೋ ಹೆರಿಗೆಗಳನ್ನು ಮಾಡಿಸಿದ ಕೈ ಅವಳದು.

"ಅದ್ಯಾಕೆ ಕೊಟ್ಗೇಲಿ? ತಾಯಿಗೆ ಮನೆ ಇರ್ನಿಲ್ವಾ?"

"ಬೇರೆ ಊರಿಗೆ ಹೋಗಿದ್ದರು. ತುಂಬು ಬಸುರಿ. ರಾತ್ರಿ ಉಳಿಯೋಕೆ ಎಲ್ಲೂ ಜಾಗ ಸಿಗಲಿಲ್ಲ."

"ಊರು ಅಂದ್ಮೇಲೆ ಎಂಗುಸ್ರು ಇರಾಕಿಲ್ವಾ? ತುಂಬಿದ್ ಬಸ್ರಿ ಬಾಗ್ಲಲ್ಲಿ ನಿಂತ್ರೆ, ಒಳಕ್ಕೆ ಬಾ ಅನ್ನೋಳು ಒಬ್ಳೂ ಇರ್ನಿಲ್ವಾ?"

ಟೀಚರ್ ಕೈ ನಿಲ್ಲಿಸಿ ಅಜ್ಜಿಯನ್ನೇ ನೋಡಿದರು. "ಇರಲಿಲ್ಲ ಅಜ್ಜಿ," ಎಂದರು. "ಯಾರೂ ಕರೀಲಿಲ್ಲ."

"ಥೂ, ಎಂಥಾ ಊರಮ್ಮ ಅದು," ಎಂದಳು ಅಜ್ಜಿ. ಆಮೇಲೆ ಕೋಲು ಊರಿಕೊಂಡು ಎದ್ದು ಮನೆ ಕಡೆ ಹೊರಟುಹೋದಳು. ನನಗೆ ಮತ್ತೆ ಹೆದರಿಕೆಯಾಯಿತು.

ಮಧ್ಯಾಹ್ನಕ್ಕೆ ಕಣ ಮುಗಿಯಿತು. ಈ ಸಲ ಬಗ್ಗಡ ಹದವಾಗಿತ್ತು, ಯಾಕೆಂದರೆ ಬೇಲಿಯ ಮೇಲೆ ಕೂತಿದ್ದವರಿಗೆ ನೋಡಿ ನೋಡಿ ತಡೆಯಲಾಗದೆ ಅರ್ಧ ಜನ ಇಳಿದು ಬಂದಿದ್ದರು. ಟೀಚರ್ ದನದ ತೊಟ್ಟಿಯ ನೀರಿನಲ್ಲಿ ಕೈಕಾಲು ತೊಳೆದು, ಎಂದಿನಂತೆ ಬಂದು ನಮ್ಮ ಜಗುಲಿಯ ಮೇಲೆ ಕೂತರು. ಕೂದಲಿನಲ್ಲಿ ಸಗಣಿ ಒಣಗಿತ್ತು. ಒಳಗಿನಿಂದ ಅವರೆಕಾಳು ಸಾರಿನ ಘಮ ಬರುತ್ತಿತ್ತು. ಅಜ್ಜಿ ಹೊಸಿಲಿನ ತನಕ ಬಂದಳು. ಬಾಗಿಲ ಚೌಕಟ್ಟು ಹಿಡಿದು ಟೀಚರನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕಮ್ಮಿ ಅಲ್ಲೇ ಕುಂತಿದ್ದೀ? ಒಳಕ್ಕೆ ಬಾ ಕಣಮ್ಮಿ," ಎಂದಳು.

ಎಂಥ ಸಭೆಯಲ್ಲೂ ಅಳುಕದ ನಮ್ಮ ಟೀಚರ್ ಅವತ್ತು ತಡವರಿಸಿದ್ದನ್ನು ನೋಡಿದೆ. ಎದ್ದರು, ಕೂತರು, ಕೊಡೆ ಹುಡುಕಿದರು, ಕೊಡೆ ಕೈಯಲ್ಲೇ ಇತ್ತು. ಕೊನೆಗೆ ಅದನ್ನು ಜಗುಲಿಯ ಮೇಲೆ ಬಿಟ್ಟು ತಲೆ ಬಗ್ಗಿಸಿ ಒಳಗೆ ಬಂದರು. ಅಜ್ಜಿ ನಮ್ಮ ಮನೆಯದೇ ತಟ್ಟೆಯಲ್ಲಿ ಮುದ್ದೆ ಇಟ್ಟಳು. ವಯನಾಡಿನವರಿಗೆ ಮುದ್ದೆ ಗೊತ್ತಿಲ್ಲ. ಟೀಚರ್ ಅನ್ನದ ಹಾಗೆ ಅಗಿಯತೊಡಗಿದರು. "ಅಗೀಬ್ಯಾಡ, ನುಂಗು! ನುಂಗಮ್ಮಿ!" ಎಂದು ಅಜ್ಜಿ ಕೂಗಿದಳು. ನುಂಗಿದರು, ಕಣ್ಣಲ್ಲಿ ನೀರು ಬಂತು. ಮುದ್ದೆಯಿಂದ ಬಂದ ನೀರು ಎಂದು ಆಮೇಲೆ ವಾದಿಸಿದರು.

ಊಟ ಮುಗಿಯುತ್ತಿದ್ದ ಹಾಗೇ ಅಜ್ಜಿ ಅಪ್ಪನ ಕಡೆ ತಿರುಗಿದಳು. "ಉಮ್ಮತ್ತೂರೋರ್ಗೆ ಈಗ್ಲೇ ಬ್ಯಾಡ ಅಂತ ಏಳ್ಬುಡ್ಲಾ. ಇವ್ಳು ಓಗ್ಲಿ. ಈ ತಾಯಿ ಜೊತೆ ನಮ್ಮ ಕಡೆ ಐಕ ಒಂದು ಇರ್ಬೇಕು. ಇಲ್ದಿದ್ರೆ ಇವ್ರು ಊರೂರ್ ಮೇಲೆ ಓಗಿ ಎಲ್ಲಾರ್ ಕಣಾನೂ ಕೆಡಿಸ್ಬುಡ್ತಾರೆ," ಎಂದಳು.

ನನ್ನ ಬದುಕು ತೀರ್ಮಾನವಾದದ್ದು ಹೀಗೆ. ನಾನು ಜಾಣೆಯೆಂದಲ್ಲ, ಹೆಣ್ಣುಮಕ್ಕಳು ಓದಬೇಕೆಂದೂ ಅಲ್ಲ, ನಮ್ಮ ಟೀಚರಿಗೆ ಕಣ ಮಾಡಲು ಬರುವುದಿಲ್ಲವೆಂದು. ನಾನು ಹಿತ್ತಲಿಗೆ ಓಡಿಹೋಗಿ ಎಮ್ಮೆಯ ಕುತ್ತಿಗೆ ತಬ್ಬಿಕೊಂಡು ಅತ್ತೆ. ಅಷ್ಟು ಸಂತೋಷ ನನಗೆ ಮತ್ತೆ ಯಾವತ್ತೂ ಆಗಿಲ್ಲ.

ಅಜ್ಜಿಯ ಮುಂದೆ ಯೇಸುವಿನ ಕಥೆ ಹೇಳಿದ್ದು ಬೇಕೆಂದೇ ಇರಬಹುದು ಎಂಬ ಅನುಮಾನ ನನಗೆ ಬಹಳ ದಿನ ಇತ್ತು. ಒಂದು ಸಲ ಕೇಳಿಯೇಬಿಟ್ಟೆ. ಟೀಚರ ಮುಖ ಕೆಂಪಾಯಿತು. "ಅಯ್ಯೋ, ಆಣೆ ಮಾಡಿ ಹೇಳ್ತೀನಿ, ಪಾಠ ಹೇಳೋಕೆ ಹೇಳಿದ್ದಲ್ಲ. ಅವರು ಕೇಳಿದರು, ಇದ್ದದ್ದು ಹೇಳಿದೆ. ಹೇಳಿದ ಮೇಲೆ ನಾನೇ ಹೆದರಿದೆ, ಅಜ್ಜಿಗೆ ನೋವಾಯ್ತೇನೋ ಅಂತ. ಆ ಕಥೆಯನ್ನ ಚಿಕ್ಕಂದಿನಿಂದ ಕೇಳಿದ್ದೀನಿ. ಕರೆಯೋಳು ಒಬ್ಬಳೂ ಇರಲಿಲ್ವಾ ಅಂತ ನಮ್ಮ ಪಾದ್ರಿಗಳು ಯಾರೂ ಕೇಳಿರಲಿಲ್ಲ," ಎಂದರು.

ಉಮ್ಮತ್ತೂರಿನ ಗಂಡಿಗೂ ನಷ್ಟವೇನೂ ಆಗಲಿಲ್ಲ. ಅವರು ನನಗಿಂತ ಸುಂದರಿಯಾದವಳನ್ನು ಮದುವೆಯಾಗಿ, ಮುಂದೆ ತಮ್ಮ ಊರಿನಲ್ಲೂ ನಮ್ಮ ಶಿಬಿರಕ್ಕೆ ಜಾಗ ಮಾಡಿಕೊಟ್ಟರು. ನಾನು ಓದು ಮುಗಿಸಿ ಅದೇ ವಿಭಾಗದಲ್ಲಿ ಟೀಚರ ಜೊತೆಗೇ ಪಾಠ ಮಾಡಲು ನಿಂತೆ. ಅಜ್ಜಿ ಇರುವ ತನಕ ಅವರು ವರ್ಷಕ್ಕೊಮ್ಮೆ ಹರವೆಗೆ ಬರುವುದನ್ನು ಬಿಡಲಿಲ್ಲ. ಬಂದು ಬಂದು ಅವರ ಕನ್ನಡವೇ ಬದಲಾಗಿಹೋಯಿತು. ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು ನಮ್ಮ ಅಜ್ಜಿಯ ಕನ್ನಡ ಆಡುತ್ತಿದ್ದರು. ಒಮ್ಮೆ ಗುಂಡ್ಲುಪೇಟೆಯಲ್ಲಿ ಶಿಬಿರದ ಸಮಾರೋಪಕ್ಕೆ ಬಂದಿದ್ದ ಅಧಿಕಾರಿಯೊಬ್ಬರು ಗ್ರಾಮೋದ್ಧಾರದ ಮೇಲೆ ಹಿಡಿದ ಭಾಷಣ ಬಿಡಲೇ ಇಲ್ಲ. ಟೀಚರ್ ವೇದಿಕೆಯ ಮೇಲೇ ಕೊಡೆ ಬಿಚ್ಚಿ ಹಿಡಿದರು. "ಮಳೆ ಇಲ್ಲವಲ್ಲ ಮೇಡಂ?" ಎಂದರು ಅಧಿಕಾರಿ. "ಬರೋ ಅಂಗದೆ ಕಣಪ್ಪ, ಒಸಿ ಬೇಗ ಮುಗ್ಸು," ಎಂದರು ಟೀಚರ್. ಅಧಿಕಾರಿಯೂ ಒಳ್ಳೆಯ ಮನುಷ್ಯ, ನಕ್ಕು ಕೂತರು.

ನಿವೃತ್ತಿಯಾದ ಮೇಲೆ ಅವರು ವಯನಾಡಿನ ಮನೆ ಸೇರಿದರು, ತಂಗಿಯ ಮಗಳ ಜೊತೆ. ನಾನು ಆಗಾಗ ಗುಂಡ್ಲುಪೇಟೆಯಲ್ಲಿ ಬಸ್ಸು ಹತ್ತಿ ಕೇರಳದ ಗಡಿಯ ಮದ್ದೂರಿನ ಕಾಡು ದಾಟಿ ಹೋಗಿ ನೋಡಿ ಬರುತ್ತಿದ್ದೆ. ವಯಸ್ಸಾದ ಮೇಲೆ ಅವರದೊಂದು ಹೊಸ ಚಾಳಿ. ಜಗುಲಿಯ ಹತ್ತಿರ ಯಾರ ಸದ್ದಾದರೂ ಸಾಕು, ಹಾಸಿಗೆಯಿಂದಲೇ ಅಜ್ಜಿಯ ಗಂಟಲಿನಲ್ಲಿ "ಒಳಕ್ಕೆ ಬಾ ಕಣಮ್ಮಿ" ಎಂದು ಕೂಗುವುದು. ಅಂಚೆಯವನಿಗೂ ಅದೇ, ಊರ ಪಾದ್ರಿಗೂ ಅದೇ. ಮಲಯಾಳ ಬಿಟ್ಟರೆ ಏನೂ ಗೊತ್ತಿಲ್ಲದ ಆ ಜನ, ಅದು ಯಾವುದೋ ಪ್ರಾರ್ಥನೆಯ ಮಾತಿರಬೇಕೆಂದು ತಲೆ ಬಗ್ಗಿಸಿ ಒಳಗೆ ಬರುತ್ತಿದ್ದರು.

ಅವರು ಹೋದ ಸುದ್ದಿ ತಿಳಿದು ನಾನು ಓಡಿದೆ. ಮನೆ ಮುಂದೆ ಜನ ನೆರೆದಿದ್ದರು. ಗಂಡಸರು ಯಾರೋ ದಾರಿ ಬಿಡಿಸಿ "ವರೂ, ವರೂ" ಎಂದು ಕೈತೋರಿಸಿ ಕರೆದರು. ನನಗೆ ಹೋಗಲಾಗಲಿಲ್ಲ. ನೇಮ ನೆನಪಾಗಿ ನಿಂತೆ ಎಂದು ಹೇಳಿಕೊಳ್ಳಬಹುದು. ನಿಜ ಹೇಳಬೇಕೆಂದರೆ ಕಾಲೇ ಬರಲಿಲ್ಲ. ಕೂಗುವ ಆ ದನಿ ಇಲ್ಲದ ಮನೆಯೊಳಗೆ ಹೇಗೆ ಹೋಗುವುದು? ತಲೆಯೆಲ್ಲ ಬೆಳ್ಳಗಾದ ನಾನು ಹುಡುಗಿಯ ಹಾಗೆ ಜಗುಲಿಯ ಮೇಲೆ ಕೂತುಬಿಟ್ಟೆ.

ಆಗ ತಂಗಿಯ ಮಗಳು ಹೊಸಿಲಿಗೆ ಬಂದಳು. ಅತ್ತು ಅತ್ತು ಕಣ್ಣು ಊದಿತ್ತು. ನನಗಿಂತ ಎಷ್ಟೋ ಚಿಕ್ಕವಳು, ನನ್ನ ಜೊತೆ ಯಾವತ್ತೂ ಕೈಸನ್ನೆಯಲ್ಲೇ ಮಾತಾಡಿದವಳು. ಬಾಗಿಲ ಚೌಕಟ್ಟು ಹಿಡಿದು ನನ್ನನ್ನು ನೋಡುತ್ತಾ ನಿಂತಳು. ಏನು ಹೇಳಬೇಕೆಂದು ತಿಳಿಯದೆ, ತನಗೆ ಬರುತ್ತಿದ್ದ ಅಷ್ಟೂ ಕನ್ನಡವನ್ನು ಹೇಳಿದಳು.

"ಒಳಕ್ಕೆ ಬಾ ಕಣಮ್ಮಿ."

ಸಾವಿನ ಮನೆಯೆಂಬುದನ್ನೂ ಮರೆತು ನಾನು ಜೋರಾಗಿ ನಕ್ಕುಬಿಟ್ಟೆ. ಅವಳಿಗೂ ನಗು ಬಂತು. ಚಪ್ಪಲಿ ಬಿಟ್ಟು ಒಳಗೆ ಹೋದೆ.